ಹಳೆಯ 407 ಕೊಳ್ಳಲೇ, ಬಿಎಸ್6 ಲಾರಿ ಕೊಳ್ಳಲೇ? ಹಿಂದೆ ಟ್ರೇಲರ್ ಕೂಡ ಎಳೆಯಬೇಕು

ಬನವಾಸಿ ದಾರಿ:
ಶಿರಸಿಯಲ್ಲಿ ಕೃಷಿ ಯಂತ್ರಗಳನ್ನು ತೋಟಗಳಿಗೆ ತಲುಪಿಸುವ ಸಣ್ಣ ವ್ಯವಹಾರ ನನ್ನದು. ಅಡಕೆ ಸುಲಿಯುವ ಯಂತ್ರ, ಪವರ್ ಟಿಲ್ಲರ್, ಪಂಪ್‌ಸೆಟ್. ಇದುವರೆಗೆ ಬಾಡಿಗೆ ಗಾಡಿಯಲ್ಲೇ ನಡೆಯಿತು, ಈಗ ಸ್ವಂತದ್ದು ಬೇಕು. ತಿಂಗಳಿಗೆ ಐದಾರು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು. ಮದುವೆ ಕಾಲದಲ್ಲಿ ಎರಡು ಚಕ್ರದ ಟ್ರೇಲರ್ ಮೇಲೆ ಕೂರಿಸಿದ ಜನರೇಟರನ್ನೂ ಹಿಂದೆ ಕಟ್ಟಿ ಎಳೆಯಬೇಕು.

ಎರಡು ಗಾಡಿ ನೋಡಿದ್ದೇನೆ. ಒಂದು 2018ರ ಟಾಟಾ 407, 1.6 ಲಕ್ಷ ಕಿ.ಮೀ. ಓಡಿದೆ, 6 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು 2021ರ ಬಿಎಸ್6 (ಹೊಗೆ ನಿಯಂತ್ರಣದ ಹೊಸ ನಿಯಮಕ್ಕೆ ತಕ್ಕಂತೆ ಮಾಡಿದ್ದು), ಭಾರ ಸೇರಿ ಒಟ್ಟು ತೂಕ 7,490 ಕೆ.ಜಿ., ಏರ್ ಬ್ರೇಕ್, 90 ಸಾವಿರ ಕಿ.ಮೀ., 11 ಲಕ್ಷ. ಎರಡನೆಯದರ ಕಂಪನಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ, ಹೇಳಿದರೆ ಚರ್ಚೆ ಅಲ್ಲಿಗೇ ಹೋಗುತ್ತದೆ. 407ರ ಮಾಲೀಕರು, "ನಮ್ಮ ಡ್ರೈವರ್ ಘಟ್ಟದಲ್ಲಿ ನ್ಯೂಟ್ರಲ್ ಹಾಕಿಯೇ ಇಳಿಸುತ್ತಾನೆ, ಅದಕ್ಕೇ ಲೀಟರಿಗೆ 11 ಬರುತ್ತದೆ" ಎಂದರು. ಯಾವುದು ಕೊಳ್ಳಲಿ?

ಹಳೇ ಗೇರು:
ಕಣ್ಣು ಮುಚ್ಚಿ 407. 1986ರಿಂದ ರಸ್ತೆಯಲ್ಲಿದೆ. ಮುಂಡಗೋಡದಲ್ಲಿ ಕೆಟ್ಟರೂ ಹೊನ್ನಾವರದಲ್ಲಿ ಕೆಟ್ಟರೂ ಸಂಜೆಯೊಳಗೆ ಬಿಡಿಭಾಗ ಸಿಗುತ್ತದೆ. ಬಿಎಸ್6 ಎಂದರೆ ಸೆನ್ಸರ್‌ಗಳ ಜಾತ್ರೆ. ಒಂದು ದೀಪ ಹತ್ತಿತೆಂದರೆ ಲ್ಯಾಪ್‌ಟಾಪ್ ಹಿಡಿದವನು ಹುಬ್ಬಳ್ಳಿಯಿಂದ ಬರಬೇಕು.

ಲೆಕ್ಕದ ಪುಸ್ತಕ:
"ಕಣ್ಣು ಮುಚ್ಚಿ" ಕೊಂಡವರೇ ಆಮೇಲೆ ಕಣ್ಣು ಬಿಡುವುದು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಆರ್‌ಟಿಒ ಫಿಟ್‌ನೆಸ್ ಪರೀಕ್ಷೆ ಆಗಬೇಕು, ಅದರೊಳಗಿನದಕ್ಕೆ ಎರಡು ವರ್ಷಕ್ಕೊಮ್ಮೆ ಸಾಕು. ಆ ಓಡಾಟ, ಪೇಂಟು, ಕೆಲಸ ನಿಲ್ಲುವ ದಿನ, ಎಲ್ಲವನ್ನೂ 6 ಲಕ್ಷಕ್ಕೆ ಕೂಡಿಸಿ ನೋಡಿ.

ಹಾವೇರಿ ಸ್ಪ್ಯಾನರ್:
ಇಬ್ಬರೂ ಮುಖ್ಯ ಸಾಲನ್ನೇ ಬಿಟ್ಟಿರಿ. ನ್ಯೂಟ್ರಲ್‌ನಲ್ಲಿ ದೇವಿಮನೆ ಇಳಿದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಎಂಜಿನ್ ಮಾಡಬೇಕಾದ ಕೆಲಸವನ್ನು ಅಷ್ಟು ವರ್ಷ ಬ್ರೇಕ್ ಡ್ರಮ್ ಮಾಡಿದೆ.

ಕರಾವಳಿ ಕಿಟ್ಟ:
ಇಪ್ಪತ್ತೆರಡು ವರ್ಷದಿಂದ ಘಟ್ಟದ ಮೇಲೆ ಕೆಳಗೆ ಮೀನಿನ ಗಾಡಿ ಓಡಿಸುತ್ತಿದ್ದೇನೆ. ನ್ಯೂಟ್ರಲ್ ಹಾಕಿಯೇ ಇಳಿಯುವುದು. ಡ್ರಮ್ ಒಮ್ಮೆಯೂ ಒಡೆದಿಲ್ಲ. ಡೀಸೆಲ್ ಉಳಿಯುತ್ತದೆ, ಅದು ಸುಳ್ಳೇ?

ಹಾವೇರಿ ಸ್ಪ್ಯಾನರ್:
ಹೌದು, ಸುಳ್ಳು. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾಮನ್ ರೈಲ್ ಎಂಜಿನ್ (ಕಂಪ್ಯೂಟರ್ ಅಳೆದು ಡೀಸೆಲ್ ಬಿಡುವ ಹೊಸ ಬಗೆಯದು) ಇಂಜೆಕ್ಟರ್‌ಗೆ ಡೀಸೆಲನ್ನೇ ಬಿಡುವುದಿಲ್ಲ, ಚಕ್ರವೇ ಎಂಜಿನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದಂತೆ ಐಡ್ಲಿಂಗ್‌ನಲ್ಲಿ ಡೀಸೆಲ್ ಸುಡಲೇಬೇಕು. ನೀವು ಉಳಿಸುತ್ತಿಲ್ಲ, ಖರ್ಚು ಮಾಡುತ್ತಿದ್ದೀರಿ.

ಕರಾವಳಿ ಕಿಟ್ಟ:
"ಕಾಮನ್ ರೈಲ್" ಎಂದಿರಿ. ನನ್ನದು ಹಳೆಯ ಪಂಪಿನ ಗಾಡಿ. ನಿಮ್ಮ ಪಾಠ ನನಗೆ ಅನ್ವಯಿಸುವುದಿಲ್ಲ.

ಹಾವೇರಿ ಸ್ಪ್ಯಾನರ್:
ಹಳೆಯ ಪಂಪಿನಲ್ಲೂ ಗವರ್ನರ್ ಎಂಬುದೊಂದಿದೆ. ಚಕ್ರ ಎಂಜಿನನ್ನು ಐಡ್ಲಿಂಗ್‌ಗಿಂತ ಜೋರಾಗಿ ತಿರುಗಿಸಿದಾಗ ಅದೂ ಡೀಸೆಲ್ ಕತ್ತರಿಸುತ್ತದೆ. ಪಂಪ್ ಬಿಚ್ಚಿದವರಿಗೆ ಗೊತ್ತು.

ಕರಾವಳಿ ಕಿಟ್ಟ:
ಬಿಚ್ಚಿದವರಿಗೆ ಬಿಚ್ಚುವುದು ಗೊತ್ತಿರುತ್ತದೆ, ಓಡಿಸುವುದಲ್ಲ.

ಅಳತೆಗೋಲು:
ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲ ಪಕ್ಕದಲ್ಲಿ. ಐದು ಟನ್ನಿನ ಗಾಡಿ ಅಷ್ಟು ಇಳಿದರೆ ಸುಮಾರು 29 ಮೆಗಾಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಮನೆಯ 2 ಕಿಲೋವ್ಯಾಟ್ ಗೀಸರನ್ನು ನಾಲ್ಕು ಗಂಟೆ ಹಾಕಿಟ್ಟಷ್ಟು ಶಾಖ. ಗೇರಿನಲ್ಲಿದ್ದರೆ ಎಂಜಿನ್ ಅದರ ದೊಡ್ಡ ಪಾಲನ್ನು ನುಂಗುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಬ್ರೇಕ್ ಲೈನಿಂಗ್ ನುಂಗಬೇಕು.

ಕರಾವಳಿ ಕಿಟ್ಟ:
ಗೀಸರ್! ಮೇಷ್ಟ್ರೇ, ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಇದೆ. ಅಷ್ಟೂ ಜಾರುಬಂಡೆಯೇ? ನಡುವೆ ಏರಿಲ್ಲವೇ, ಗಾಳಿ ತಡೆಯುವುದಿಲ್ಲವೇ? ನಿಮ್ಮ ಗೀಸರಿನಲ್ಲಿ ನೀರೇ ಇಲ್ಲ.

ಅಳತೆಗೋಲು:
ಗಾಳಿಯ ಪಾಲನ್ನು ಕಳೆಯಿರಿ, ಟೈರಿನ ಪಾಲನ್ನೂ ಕಳೆಯಿರಿ. ಆದರೆ ಏರಿದ ಪ್ರತಿ ಮೀಟರನ್ನೂ ಮತ್ತೆ ಇಳಿಯಲೇಬೇಕು. ಒಟ್ಟು ಇಳಿತ ಕಡಿಮೆಯಾಗುವುದಿಲ್ಲ.

ಹಳೇ ಗೇರು:
ಮೇಷ್ಟ್ರ ಲೆಕ್ಕ ಮೇಷ್ಟ್ರಿಗಿರಲಿ. ಹತ್ತಿದ ಗೇರಿನಲ್ಲೇ ಇಳಿ ಎಂದು ನನಗೆ ಕಲಿಸಿದವರು ಏಳನೇ ತರಗತಿ ಓದಿದವರು. ಆದರೆ 407ಕ್ಕೂ ಈ ಜಗಳಕ್ಕೂ ಏನು ಸಂಬಂಧ? ತಪ್ಪು ಡ್ರೈವರನದು, ಗಾಡಿಯದಲ್ಲ.

ಬನವಾಸಿ ದಾರಿ:
ದಯವಿಟ್ಟು ಗಾಡಿಯ ವಿಷಯಕ್ಕೆ ಬನ್ನಿ. ಒಂದು ಕಡೆ ಏರ್ ಬ್ರೇಕ್, ಇನ್ನೊಂದು ಕಡೆ ಪೆಡಲಿಗೆ ಬಲ ಕೂಡಿಸುವ ಬೂಸ್ಟರ್ ಇರುವ ಹೈಡ್ರಾಲಿಕ್ (ದ್ರವದ) ಬ್ರೇಕ್. ಟ್ರೇಲರ್ ಎಳೆಯುವಾಗ ಯಾವುದು ಒಳ್ಳೆಯದು?

ಡಾಲಸ್ ದಾವಣಗೆರೆ:
ಟ್ರೇಲರ್ ಎಂದಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಟೆಕ್ಸಾಸಿನಲ್ಲಿ ನಾನು ಫೋರ್ಡ್ ಎಫ್-250 ಹಿಂದೆ ಹುಲ್ಲು ಕೊಯ್ಯುವ ಯಂತ್ರಗಳನ್ನು ಎಳೆಯುತ್ತೇನೆ. ಟ್ರೇಲರ್‌ಗೇ ಸ್ವಂತ ಬ್ರೇಕ್ ಇರುತ್ತದೆ, ಸ್ಟೀರಿಂಗ್ ಪಕ್ಕದ ಗುಂಡಿಯಿಂದ ಅದನ್ನಷ್ಟೇ ಹಿಡಿಯಬಹುದು. ಟ್ರೇಲರ್ ತೂಕದ ಹತ್ತನೇ ಒಂದು ಭಾಗವಾದರೂ ಕೊಂಡಿಯ ಮೇಲೆ ಕೂರಬೇಕು. ಹಿಂಭಾರವಾದರೆ ಇಳಿಜಾರಿನಲ್ಲಿ ಅದು ಬಾಲ ಬೀಸಿದಂತೆ ಆಡಿ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ನಿಮ್ಮ ಜನರೇಟರ್ ಟ್ರೇಲರ್‌ಗೆ ಬ್ರೇಕ್ ಇದೆಯೇ?

ಕರಾವಳಿ ಕಿಟ್ಟ:
ಟೆಕ್ಸಾಸಿನಲ್ಲಿ ಘಟ್ಟ ಎಲ್ಲಿದೆ ಸ್ವಾಮಿ? ದೇವಿಮನೆಯ ಒಂದು ತಿರುವಿಗೆ ನಿಮ್ಮ ಎಫ್-250ಯನ್ನು ತನ್ನಿ, ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ ಇರುತ್ತದೆ.

ಡಾಲಸ್ ದಾವಣಗೆರೆ:
ನಾನು ಕೇಳಿದ್ದು ಟ್ರೇಲರ್‌ನ ಬ್ರೇಕ್ ಬಗ್ಗೆ.

ಲೆಕ್ಕದ ಪುಸ್ತಕ:
ಟ್ರೇಲರ್‌ಗೆ ಬ್ರೇಕ್ ಇರಲಿ, ನಂಬರ್ ಇದೆಯೇ? ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿ, ವಿಮೆ ಬೇಕು. ಹಾಗೇ ಕಟ್ಟಿಕೊಂಡು ಹೋಗಿ ಯಾರಿಗಾದರೂ ತಾಗಿದರೆ ಅಡಕೆ ತೋಟ ಮಾರಬೇಕಾಗುತ್ತದೆ. ಹೆಚ್ಚು ಭಾರ ಹೇರಿ ಸಿಕ್ಕಿಬಿದ್ದರೆ 20 ಸಾವಿರ ದಂಡ, ಮೇಲಿನ ಪ್ರತಿ ಟನ್ನಿಗೆ 2 ಸಾವಿರ. ಅದಕ್ಕೇ 7,490 ಕೆ.ಜಿ.ಯದನ್ನು ಕೊಂಡು ಜನರೇಟರನ್ನು ಮೇಲೇ ಹೇರಿ.

ಹಳೇ ಗೇರು:
7,490ಕ್ಕೆ ಹೆವಿ ಲೈಸೆನ್ಸ್ ಬೇಕು, ಅದು ಬರೆಯಲಿಲ್ಲ ನೀವು.

ಲೆಕ್ಕದ ಪುಸ್ತಕ:
ಬೇಡ. 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಎಲ್ಎಂವಿ (ಲಘು ವಾಹನ) ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. 2017ರಲ್ಲೂ ಅದನ್ನೇ ಹೇಳಿತ್ತು. ಕಂಪನಿಗಳು 7,490ಕ್ಕೆ ನಿಲ್ಲಿಸುವುದು ಸುಮ್ಮನೆ ಎಂದುಕೊಂಡಿರಾ?

ಹಳೇ ಗೇರು:
ಕೋರ್ಟು ಹೇಳಿರಬಹುದು. ಚೆಕ್‌ಪೋಸ್ಟಿನಲ್ಲಿ ನಿಂತವನಿಗೆ ಯಾರು ಹೇಳುತ್ತಾರೆ?

ಹಾವೇರಿ ಸ್ಪ್ಯಾನರ್:
ನ್ಯೂಟ್ರಲ್ ವಿಷಯ ಮುಗಿದಿಲ್ಲ. ಕಿಟ್ಟ ಅವರೇ, ಎಂಜಿನನ್ನೂ ಆರಿಸಿ ಇಳಿಯುತ್ತೀರಾ? ಆರಿಸಿದರೆ ವ್ಯಾಕ್ಯೂಮ್ ಪಂಪ್ ನಿಲ್ಲುತ್ತದೆ. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವುದಕ್ಕೆ ಸಾಲುತ್ತದೆ, ಆಮೇಲೆ ಪೆಡಲ್ ಕಲ್ಲು.

ಕರಾವಳಿ ಕಿಟ್ಟ:
ಎಂಜಿನ್ ಆರಿಸುತ್ತೇನೆ ಎಂದು ನಾನು ಎಲ್ಲಿ ಹೇಳಿದೆ? ಇಲ್ಲದ ಮಾತನ್ನು ನನ್ನ ಬಾಯಿಗೆ ತುರುಕಬೇಡಿ. ನ್ಯೂಟ್ರಲ್ ಎಂದರೆ ನ್ಯೂಟ್ರಲ್ ಅಷ್ಟೇ. ಅದೂ ಕೊನೆಯ ತಿರುವುಗಳಾದ ಮೇಲೆ ಸಿಗುವ ಸಣ್ಣ ಇಳಿಜಾರಿನಲ್ಲಿ.

ಹಾವೇರಿ ಸ್ಪ್ಯಾನರ್:
ಮೊದಲು ಬರೆದಿದ್ದು "ನ್ಯೂಟ್ರಲ್ ಹಾಕಿಯೇ ಇಳಿಯುವುದು". ಈಗ "ಕೊನೆಯ ಸಣ್ಣ ಇಳಿಜಾರು". ನಾಳೆಯ ಹೊತ್ತಿಗೆ ಮನೆಯ ಅಂಗಳದಲ್ಲಿ ಎನ್ನುತ್ತೀರಿ. ಇನ್ನೊಂದು ಕೇಳಿ. ಡಾಟ್ 3 ಬ್ರೇಕ್ ದ್ರವ ಹೊಸದಾಗಿದ್ದಾಗ ಕುದಿಯುವುದು 205 ಡಿಗ್ರಿಗೆ, ನೀರು ಹೀರಿಕೊಂಡ ಮೇಲೆ 140 ಡಿಗ್ರಿಗೇ. ನಮ್ಮ ಮಲೆನಾಡಿನ ಮಳೆಯಲ್ಲಿ ಎರಡು ವರ್ಷ ಬದಲಾಯಿಸದ ದ್ರವ ಹೇಗಿರುತ್ತದೆ? ಚಹಾದ ಬಣ್ಣ. ಕುದಿದರೆ ಪೈಪಿನಲ್ಲಿ ಆವಿ, ತುಳಿದರೆ ಸ್ಪಂಜು.

ಕರಾವಳಿ ಕಿಟ್ಟ:
ಅದು ದ್ರವ ಬದಲಾಯಿಸದವನ ತಪ್ಪು. ನ್ಯೂಟ್ರಲ್‌ನದಲ್ಲ. ನಾನು ಪ್ರತಿ ಮಳೆಗಾಲಕ್ಕೆ ಮುಂಚೆ ಬದಲಾಯಿಸುತ್ತೇನೆ. ಗ್ಯಾರೇಜಿನಲ್ಲಿ ಕೂತು ಬರೆಯುವವರಿಗೆ ಕೊಂಬು ಬಂದಿದೆ.

ಹಾವೇರಿ ಸ್ಪ್ಯಾನರ್:
ಕೊಂಬಲ್ಲ. ಹೋದ ವರ್ಷ ಒಂದು ಗಾಡಿಯನ್ನು ಕ್ರೇನಿನಲ್ಲಿ ನಮ್ಮ ಶೆಡ್ಡಿಗೆ ತಂದರು. ಕ್ಲೀನರ್ ಹುಡುಗನ ಚಪ್ಪಲಿ ಒಂದೇ ಕ್ಯಾಬಿನ್ನಿನಲ್ಲಿತ್ತು. ಗೇರ್ ಲಿವರ್ ನ್ಯೂಟ್ರಲ್‌ನಲ್ಲಿತ್ತು. ಹೆಚ್ಚು ಬರೆಯುವುದಿಲ್ಲ.

ಕರಾವಳಿ ಕಿಟ್ಟ:
ಅಪಘಾತವಾದಾಗ ಲಿವರ್ ತಾನೇ ಜಾರುವುದೂ ಇದೆ.

ಅಳತೆಗೋಲು:
ಕಿಟ್ಟ ಅವರೇ, ಇದಕ್ಕಾದರೂ ಸುಮ್ಮನಿರಬಹುದಿತ್ತು.

ಗದ್ದೆ ಗೌಡತಿ:
ಆ ಹುಡುಗನಿಗೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಲಿವರಿನದೇ ಚಿಂತೆ.

ಹಾವೇರಿ ಸ್ಪ್ಯಾನರ್:
ಬದುಕಿದ್ದಾನೆ. ಕುಂಟುತ್ತಾನೆ.

ಗದ್ದೆ ಗೌಡತಿ:
ಸರಿ. ಬನವಾಸಿಯವರಿಗೆ ನನ್ನ ಅನುಭವ. ನಾವು ಹಾಲಿನ ಕ್ಯಾನು ಸಾಗಿಸಲು ಬಿಎಸ್6 ಗಾಡಿ ಕೊಂಡೆವು. ದಿನಕ್ಕೆ ಎಂಟು ಕಿ.ಮೀ., ಹತ್ತು ಕಡೆ ನಿಲ್ಲುವುದು. ಹೊಗೆ ಸೋಸುವ ಡಿಪಿಎಫ್ ಮಸಿಯಿಂದ ಕಟ್ಟಿಕೊಂಡಿತು. ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಏರಬೇಕಂತೆ, ನಮ್ಮ ಗಾಡಿ ಬಿಸಿಯಾಗುವ ಮೊದಲೇ ಮನೆಗೆ ಬಂದಿರುತ್ತದೆ. ಈಗ ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬರುತ್ತೇವೆ, ದನ ಮೇಯಿಸಿದ ಹಾಗೆ. ನೀವು ಕುಮಟಾದವರೆಗೆ ಹೋಗುವವರು, ನಿಮಗೆ ಆ ತೊಂದರೆ ಬರಲಿಕ್ಕಿಲ್ಲ.

ಹಳೇ ಗೇರು:
"ಕಟ್ಟಿಕೊಂಡಿತು" ಎಂದು ಅವರೇ ಒಪ್ಪಿದರಲ್ಲ! ಬಿಎಸ್6 ಎಂದರೆ ಇದೇ. ಹೊಗೆ ಶುದ್ಧಿಗೆ ಹಾಕುವ ಯೂರಿಯಾ ನೀರಿನ ಖರ್ಚು ಬೇರೆ.

ಗದ್ದೆ ಗೌಡತಿ:
ನಾನು ಬರೆದ ಕೊನೆಯ ಸಾಲನ್ನೂ ಓದಿ.

ಲೆಕ್ಕದ ಪುಸ್ತಕ:
2018ರದ್ದೂ ಬಿಎಸ್4, ಅದರಲ್ಲೂ ಸೆನ್ಸರ್ ಇದೆ ಮಹಾರಾಯರೇ. ನೀವು ಹೊಗಳುತ್ತಿರುವುದು ನಿಮ್ಮ ಯೌವನದ 407ನ್ನು.

ಹಳೇ ಗೇರು:
ನನ್ನ ಯೌವನದ ಮಾತು ಇಲ್ಲಿ ಬೇಡ.

ಬನವಾಸಿ ದಾರಿ:
ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಹೋಗಿ 407 ನೋಡಿ ಬಂದೆ. ಎಂಜಿನ್ ಮುಟ್ಟಿದರೆ ಆಗಲೇ ಬಿಸಿ, ನನಗಿಂತ ಮೊದಲು ಯಾರೋ ಚಾಲು ಮಾಡಿದ್ದರು. ಆಯಿಲ್ ಮುಚ್ಚಳವನ್ನು ತಿರುಗಿಸಿ ಬಾಯಿಯ ಮೇಲೆ ಬೋರಲಾಗಿಟ್ಟೆ. ಕಡುಬಿನ ಪಾತ್ರೆಯ ಮುಚ್ಚಳದಂತೆ ಕುಣಿಯಿತು, ಎಂಜಿನ್ ಒಳಗೆ ಸವೆದ ಲಕ್ಷಣ. ಹಿಂದಿನ ಅಡ್ಡಪಟ್ಟಿಗೆ ಮಾತ್ರ ಹೊಸ ಕರಿ ಬಣ್ಣ. ಉಗುರಿನಿಂದ ಕೆರೆದರೆ ಕೊಂಡಿಯ ಪಕ್ಕ ಬೆರಳುದ್ದದ ವೆಲ್ಡಿಂಗ್ ಕಂಡಿತು. ಜೊತೆಗಿದ್ದ ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿಸಿದರು. ಡ್ರಮ್ಮಿನೊಳಗೆ ಅತಿಯಾಗಿ ಕಾದು ಬಂದ ನವಿಲಿನ ಕತ್ತಿನಂಥ ನೀಲಿ, ಕೂದಲೆಳೆಯ ಬಿರುಕುಗಳು. ಬಿಟ್ಟು ಬಂದೆ.

ಹಾವೇರಿ ಸ್ಪ್ಯಾನರ್:
ನೀಲಿ! ಇನ್ನೇನು ಸಾಕ್ಷಿ ಬೇಕು ಕಿಟ್ಟ ಅವರಿಗೆ?

ಕರಾವಳಿ ಕಿಟ್ಟ:
ಬ್ರೇಕ್ ಅಡ್ಜಸ್ಟ್ ಬಿಗಿಯಾಗಿದ್ದರೂ ನೀಲಿಯಾಗುತ್ತದೆ. ನಿಮ್ಮ ಗ್ಯಾರೇಜಿನಲ್ಲೇ ಮಾಡಿಸಿದ್ದರೋ ಏನೋ.

ಡಾಲಸ್ ದಾವಣಗೆರೆ:
ಕೊಂಡಿಯ ಪಕ್ಕ ಬಿರುಕಿಗೆ ವೆಲ್ಡಿಂಗ್ ಮಾಡಿದ್ದಾರೆ ಎಂದರೆ ಬ್ರೇಕಿಲ್ಲದ ಟ್ರೇಲರ್ ಎಳೆದಿದ್ದಾರೆ. ನಾನು ಮೊದಲೇ ಕೇಳಿದ್ದೆ.

ಹಳೇ ಗೇರು:
ಒಂದು 407 ಹಾಳಾಗಿದ್ದರೆ ಎಲ್ಲವೂ ಹಾಳೇ? ಇನ್ನೊಂದು 407 ಹುಡುಕಿ.

ಬನವಾಸಿ ದಾರಿ:
ಬಿಎಸ್6 ಗಾಡಿಯ ಸಾಲ ತೀರಿದೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆ. ಆ ಹೆಸರು ತೆಗೆಸಲು ಬೇಕಾದ ಫಾರ್ಮ್ 35 ಕೈಗೆ ಬಂದ ಮೇಲೆಯೇ ಹಣ ಎಂದಿದ್ದೇನೆ. ಟ್ರೇಲರನ್ನು ಸದ್ಯಕ್ಕೆ ಶೆಡ್ಡಿನಲ್ಲೇ ಬಿಟ್ಟು ಜನರೇಟರನ್ನು ಮೇಲೆ ಹೇರುತ್ತೇನೆ. 11 ಲಕ್ಷಕ್ಕೆ ಹತ್ತೂಕಾಲು ಕೇಳಿದರೆ ಬೇಜಾರಾದಾರೇ? ಯಾರಾದರೂ ಇದೊಂದಕ್ಕೆ ಉತ್ತರಿಸಿ.

ಹಳೇ ಗೇರು:
ಅದಿರಲಿ, ಯಾವ ಕಂಪನಿ ಎಂದು ಇನ್ನೂ ಹೇಳಲಿಲ್ಲ ನೀವು.