ಸಲೈನಾದಲ್ಲಿ (ಟೆಕ್ಸಸ್, ಡ್ಯಾಲಸ್ ಉತ್ತರಕ್ಕಿರೋ ಊರು) ಮನೆ ತಗೊಂಡವ್ರು ಅನುಭವ ಹೇಳಿ ಪ್ಲೀಸ್

ಸಂತೋಷ್_ಪ್ಲೇನೋ: ಡ್ಯಾಲಸ್‌ಗೆ ಬಂದು ಬಾಡಿಗೆ ಅಪಾರ್ಟ್‌ಮೆಂಟಲ್ಲಿದೀವಿ. ಸಲೈನಾ ಹೊಸ ಲೇಔಟಲ್ಲಿ ಬುಕ್ ಮಾಡೋಣ ಅಂತ. ಊರು ಹಿಂಗೇ ಬೆಳೀತಾ ಹೋಗುತ್ತಾ?

ಶಾಂತಲಾ: ಮೊದ್ಲು ಪಿಐಡಿ (ಲೇಔಟಿನ ರಸ್ತೆ, ನೀರು, ಚರಂಡಿ ಖರ್ಚಿಗೆ ಅಂತ ಮನೆಯವ್ರಿಂದ ವರ್ಷಾ ವರ್ಷ ವಸೂಲಿ ಮಾಡೋ ಶುಲ್ಕ) ಇದ್ಯಾ ನೋಡಿ. ಮೊದಲ್ನೇ ವರ್ಷ ನಮ್ಗೆ ಖಾಲಿ ಸೈಟ್ ಲೆಕ್ಕದಲ್ಲಿ ಟ್ಯಾಕ್ಸ್ ಬಂತು, ಎರಡನೇ ವರ್ಷ ಮನೆ ಸೇರಿಸಿ ಬಂತು, ಜೊತೆಗೆ ಪಿಐಡಿ 2,900 ಡಾಲರ್, ಎಸ್ಕ್ರೋದಲ್ಲಿ (ಟ್ಯಾಕ್ಸು, ಇನ್ಶೂರೆನ್ಸಿಗೆ ಅಂತ ಸಾಲದವ್ರು ಕಂತಿನ ಜೊತೆ ಹಿಡಿದಿಡೋ ದುಡ್ಡು) ಶಾರ್ಟೇಜ್ ಅಂತ ತಿಂಗಳ ಕಂತೇ 780 ಡಾಲರ್ ಜಾಸ್ತಿ ಆಯ್ತು. ಬಿಲ್ಡರ್ ಕಡೆಯವ್ನು ಇದರ ಬಗ್ಗೆ ಬಾಯೇ ಬಿಟ್ಟಿರ್ಲಿಲ್ಲ.

ಹಳೇ_ಫ್ರಿಸ್ಕೋ: 2004ರಲ್ಲಿ ನಾವು ಸಲೈನಾ ದಕ್ಷಿಣಕ್ಕಿರೋ ಫ್ರಿಸ್ಕೋಗೆ ಬಂದಾಗ್ಲೂ ಎಲ್ರೂ ಹಿಂಗೇ ಹೆದರಿಸಿದ್ರು. 2000ದಲ್ಲಿ 33,714 ಜನ ಇದ್ದ ಊರು 2020ಕ್ಕೆ ಎರಡು ಲಕ್ಷ ದಾಟ್ತು. ಇಲ್ಲಿ ಊರುಗಳು ದಾರಿ ಹಿಂದೇನೇ ಹೋಗೋದು. 1902ರಲ್ಲಿ ರೈಲು ಬಂದಾಗ ಪ್ರೆಸ್ಟನ್ ರಸ್ತೆಯ ಲೆಬನಾನ್ ಅನ್ನೋ ಊರಿನ ಕೆಲವ್ರು ಮನೆಗಳನ್ನೇ ದಿಮ್ಮಿ ಮೇಲಿಟ್ಟು ಹಳಿ ಹತ್ರ ಎಳ್ಕೊಂಡು ಬಂದ್ರಂತೆ, ಸಲೈನಾನೂ ಆಗ್ಲೇ ಜಾಗ ಬದಲಾಯಿಸಿದ್ದು. ಈಗ ರೈಲಿನ ಬದ್ಲು ಟೋಲ್‌ವೇ. ಸಲೈನಾ 2010ರಲ್ಲಿ 6,028, 2020ರಲ್ಲಿ 16,739, ಆಮೇಲೆ 2023ರಲ್ಲಿ ಒಂದೇ ವರ್ಷಕ್ಕೆ ಶೇ 26.6 ಬೆಳೆದು, ಇಪ್ಪತ್ತು ಸಾವಿರದ ಮೇಲೆ ಜನ ಇರೋ ಊರುಗಳಲ್ಲಿ ದೇಶಕ್ಕೇ ಫಸ್ಟ್. ಕಣ್ಮುಚ್ಚಿ ತಗೊಳ್ಳಿ.

ಗದಗ_ಮಂದಿ: ಕಣ್ ಮುಚ್ಚಿ ಯಾಕ್ರಿ, ಬಗ್ಗಿ ಮಣ್ಣ ನೋಡ್ರಿ ಮೊದ್ಲ. ಥೇಟ್ ನಮ್ಮ ಕಡಿ ಎರಿ ಹೊಲ. ಬ್ಯಾಸಗ್ಯಾಗ ಬಿರೀತೈತಿ, ಮಳಿ ಬಿದ್ರ ಉಬ್ಬತೈತಿ. ನಮ್ಮ ಮಾಸ್ಟರ್ ಬೆಡ್‌ರೂಮ್ ಬಾಗಲಾ ಹಾಕಾಕ ಬರಲಾರದಂಗ ಆತು, ಬಾಗಲಾ ಮ್ಯಾಲಿನ ಮೂಲ್ಯಾಗಿಂದ ಸೂರತನಾ ಬಿರುಕ. ಬುನಾದಿ ಕೆಳಗ ಪಿಯರ್ (ಆಧಾರದ ಕಂಬ) ಹಾಕ್ಸಾಕ 16,400 ಡಾಲರ್, ಆಮ್ಯಾಲ ನೆಲದಾಗಿನ ಪೈಪ್ ಟೆಸ್ಟಿಗೆ ಬ್ಯಾರೆ, ಟೈಲ್ಸಿಗೆ ಬ್ಯಾರೆ, ಇನ್ಶೂರೆನ್ಸ್‌ನವ್ರು ಒಂದ್ ಪೈಸೆ ಕೊಡಲಿಲ್ಲ. ಈಗ ಬ್ಯಾಸಗಿ ಪೂರ್ತಿ ಮಣ್ಣ ಒಣಗಿ ಬಿರೀಬಾರ್ದಂತ ಗೋಡಿ ಬುಡಕ್ಕ ಸೋಕರ್ ಹೋಸ್ (ನೀರ ಜಿನಗೂ ಪೈಪ್) ಇಟ್ಟೀವಿ, ನೀರಿನ ಬಿಲ್ ಕೇಳಬ್ಯಾಡ್ರಿ.

ಶಾಂತಲಾ: @ಹಳೇ_ಫ್ರಿಸ್ಕೋ 2004ರ ರೇಟಿಗೆ ತಗೊಂಡು ಇವತ್ತು ಬೇರೆಯವ್ರಿಗೆ ಕಣ್ಮುಚ್ಚಿ ಅಂತೀರಲ್ಲ ಸಾರ್. ನಿಮ್ಮ ಫ್ರಿಸ್ಕೋದಲ್ಲೇ ಮಕ್ಕಳು ಕಮ್ಮಿ ಆದ್ರು ಅಂತ 2025ರಲ್ಲಿ ಸ್ಟೇಲಿ ಮಿಡಲ್ ಸ್ಕೂಲ್ ಮುಚ್ಚಿದ್ರು, ಬೆಳವಣಿಗೆ ಬಗ್ಗೆ ಅದನ್ನೂ ಹೇಳಿ.

ಹಳೇ_ಫ್ರಿಸ್ಕೋ: ಅದು ಹಳೇ ಬಿಲ್ಡಿಂಗ್ ಮೇಡಂ. ನಾವು ಬಂದಾಗ ಅಕ್ಕಿ ಬೇಳೆಗೂ ಅರ್ವಿಂಗ್‌ಗೆ ಓಡ್ಬೇಕಿತ್ತು, ಕಷ್ಟ ಪಟ್ಟೇ ಇಲ್ಲಿದ್ದದ್ದು. ಹೋಮ್‌ಸ್ಟೆಡ್ (ಸ್ವಂತ ವಾಸದ ಮನೆಗೆ ಸಿಗೋ ಟ್ಯಾಕ್ಸ್ ರಿಯಾಯ್ತಿ) ಹಾಕಿದ್ರೆ ಟ್ಯಾಕ್ಸ್ ಲೆಕ್ಕದ ಮನೆ ಬೆಲೆ ವರ್ಷಕ್ಕೆ ಶೇ 10ರ ಮೇಲೆ ಏರಲ್ಲ, ಆ ಬೆಲೆ ಜಾಸ್ತಿ ಅನ್ಸಿದ್ರೆ ಮೇ 15ರೊಳಗೆ ಪ್ರೊಟೆಸ್ಟ್ ಮಾಡಿ.

ಶಾಂತಲಾ: ಆ ಶೇ 10ರ ಮಿತಿ ಪಿಐಡಿಗೆ ಲೆಕ್ಕಕ್ಕಿಲ್ಲ ಸಾರ್! ಬಿಲ್ ಕಟ್ತಿರೋಳು ನಾನು, ನಂಗೆ ಗೊತ್ತು.

ಗದಗ_ಮಂದಿ: ಟ್ಯಾಕ್ಸ್ ಜಗಳಾ ಇರ್ಲಿ, ಸಂತೋಷ್ ಅವ್ರ, ಇನ್‌ಸ್ಪೆಕ್ಷನ್ನಿಗೆ ಬಿಲ್ಡರ್ ಕಡ್ಯಾಂವನ್ನ ಬಿಟ್ಟು ನಿಮ್ಮ ಸ್ವಂತ ಮನಷ್ಯಾನ್ನ ಕರ್ಕೊಂಡ್ ಹೋಗ್ರಿ, ಕಾಂಕ್ರೀಟ್ ಹಾಕೂದಕ್ಕ ಮೊದ್ಲ.