ಕಲ್ಲು ಒಂದು ಸುತ್ತು ಬರಲಿ ಬಿಡಿ

ಪುಟ್ಟಿ ನಮ್ಮ ಮನೆ ಗ್ರೂಪಿಗೆ ಆ ಲಿಂಕ್ ಹಾಕಿದ್ದು ಶನಿವಾರ ರಾತ್ರಿ ಎಂಟೂಕಾಲಿಗೆ. ಪುಟ್ಟಿ ನನ್ನ ಚಿಕ್ಕಣ್ಣನ ಮಗಳು. ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ, ಎರಡನೇ ವರ್ಷ. ಈ ಸೆಮಿಸ್ಟರಿಗೆ ಒಂದು ಹಾಡಿನ ವಿಡಿಯೋ ಮಾಡಬೇಕು. ಮಾಡಿದರೆ ಸಾಲದು. ನಾಲ್ಕು ಜನಕ್ಕೆ ತೋರಿಸಿ, ಅವರು ಏನು ಹೇಳಿದರು, ಅದನ್ನು ಕೇಳಿ ತಾನು ಏನು ತಿದ್ದಿದೆ ಅಂತ ಬರೆದು ಕೊಡಬೇಕು. ಮಾರ್ಕ್ಸ್ ಜಾಸ್ತಿ ಇರುವುದು ಅದಕ್ಕೇ.

ಅವಳು ಆರಿಸಿಕೊಂಡದ್ದು ಅಜ್ಜಿಯ ಬೀಸೋ ಪದ. ಅಜ್ಜಿ ಅಂದರೆ ನನ್ನ ಅಮ್ಮ. ತಿಪಟೂರಿನಲ್ಲಿ ನನ್ನ ಜೊತೆಯೇ ಇದ್ದಾಳೆ. ಎರಡು ಭಾನುವಾರ ಪುಟ್ಟಿ ಬಂದು ಶೂಟಿಂಗ್ ಮಾಡಿದಳು. ಹಿತ್ತಲಲ್ಲಿ ಮಳೆಗೆ ಬಿದ್ದಿದ್ದ ರಾಗಿಕಲ್ಲನ್ನು ನಾನು, ಪಕ್ಕದ ಮನೆ ಹುಡುಗ ಸೇರಿ ಒಳಗೆ ತಂದೆವು. ಗೂಟ ಕೊಳೆತು ಹೋಗಿತ್ತು, ಹೊಸದು ಮಾಡಿಸಿದೆವು. ಅಮ್ಮ ಕಲ್ಲು ತೊಳೆದು, ಕುಂಕುಮ ಇಟ್ಟು, ಆಮೇಲೇ ಕೂತಳು. ಎರಡು ಹಿಡಿ ರಾಗಿ ಹಾಕಿ ತಿರುಗಿಸಿದ್ದೇ ತಡ, ಹಾಡು ತಾನಾಗಿ ಬಂತು.

ಪುಟ್ಟಿ ಗ್ರೂಪಿನಲ್ಲಿ ಹೀಗೆ ಬರೆದಿದ್ದಳು: "ಇದು ಮೊದಲ ಕಟ್, ಇನ್ನೂ ತಿದ್ದೋದಿದೆ. ಮೂರೇ ಪ್ರಶ್ನೆ. ಎಲ್ಲಿ ನಿಲ್ಲಿಸಿಬಿಡೋಣ ಅನ್ನಿಸ್ತು? ಕಲ್ಲಿನ ಸದ್ದಲ್ಲಿ ಪದಗಳು ಕೇಳುತ್ತಾ? ಅಜ್ಜಿ ಮುಖ ಇನ್ನೂ ಬೇಕಾ, ಸಾಕಾ? ದಯವಿಟ್ಟು ಪೂರ್ತಿ ನೋಡಿ ಹೇಳಿ. ನಾಲ್ಕು ನಿಮಿಷ ಹತ್ತು ಸೆಕೆಂಡ್ ಅಷ್ಟೇ."

ಎಂಟು ಹದಿನೇಳಕ್ಕೆ ಮೊದಲ ಉತ್ತರ ಬಂತು, ಭಾವನಿಂದ, ಅಂದರೆ ಅಕ್ಕನ ಗಂಡನಿಂದ. ಲಿಂಕ್ ಹಾಕಿ ಎರಡೇ ನಿಮಿಷ. ನಾಲ್ಕು ನಿಮಿಷದ ವಿಡಿಯೋ ಅವರು ಎಷ್ಟು ನೋಡಿರಬಹುದು, ನೀವೇ ಲೆಕ್ಕ ಹಾಕಿ. ಅವರು ಕಳಿಸಿದ್ದು ಒಂದು ಫಾರ್ವರ್ಡ್. ಗಾಜಿನ ಬೋಗುಣಿಯಲ್ಲಿ ಒಂದು ಗೋಲ್ಡ್ ಫಿಶ್, ಕೆಳಗೆ ಬರಹ: 'ಮನುಷ್ಯನ ಗಮನ ಈಗ 8 ಸೆಕೆಂಡ್. ಮೀನಿನ ಗಮನ 9 ಸೆಕೆಂಡ್. ಮೊಬೈಲ್ ನಿಮ್ಮ ಮಕ್ಕಳನ್ನು ಮೀನಿಗಿಂತ ಕೀಳು ಮಾಡಿದೆ.' ಅದರ ಕೆಳಗೆ ಭಾವ ತಾವೇ ಸೇರಿಸಿದ್ದರು: "ಪುಟ್ಟಿ, ನಿನ್ನ ವಿಡಿಯೋದಲ್ಲಿ 40 ಸೆಕೆಂಡ್ ಬರೀ ಕಲ್ಲು ತಿರುಗುತ್ತೆ. ಯಾರು ನೋಡ್ತಾರಮ್ಮ? 8 ಸೆಕೆಂಡಿಗೆ ಇಳಿಸು."

ಈ ಒಂದು ಸಂದೇಶ ಸಾಕಾಯಿತು. ಆಮೇಲೆ ಯಾರೂ ಪುಟ್ಟಿಯ ಮೂರು ಪ್ರಶ್ನೆ ಮುಟ್ಟಲಿಲ್ಲ.

ದೊಡ್ಡಣ್ಣ ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು. ಅವನಿಗೆ ಆ ಮೀನು ಬಹಳ ಹಿಡಿಸಿತು. "ನಾನು ಹತ್ತು ವರ್ಷದಿಂದ ಇದನ್ನೇ ಹೇಳ್ತಿದ್ದೀನಿ. ಮೂವತ್ತೆಂಟು ವರ್ಷ ಪಾಠ ಮಾಡಿದವನು ನಾನು. ಕೊನೆಕೊನೆಗೆ ಮಕ್ಕಳು ಒಂದು ಪದ್ಯ ಮುಗಿಯೋವರೆಗೂ ಕೂರ್ತಿರಲಿಲ್ಲ. ಊಟಕ್ಕೆ ಕೂತಾಗ ಮೊಬೈಲ್ ಪಕ್ಕಕ್ಕಿಡೋದನ್ನ ಮೊದಲು ಮನೇಲಿ ಕಲಿಸಿ" ಅಂತ ಉದ್ದಕ್ಕೆ ಬರೆದ. ಕೆಳಗೆ ಏಳು ಜನ ಕೈಮುಗಿದರು.

ಅಕ್ಕನ ಮಗ ಪುಣೆಯಲ್ಲಿದ್ದಾನೆ. ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಮೂಲ ಎಲ್ಲಿ ಅಂತ ಕೇಳುವವನು ಅವನು. ಈ ಸಲ ಕೇಳಬೇಕಾದ್ದು ಅವನ ಅಪ್ಪನನ್ನೇ. "ಅಪ್ಪಾ, ಇದು ಹಳೇ ಕಥೆ. 2015ರಲ್ಲಿ ಮೈಕ್ರೋಸಾಫ್ಟ್ ಕೆನಡಾದವರು ಜಾಹೀರಾತು ಕೊಡೋರಿಗೆ ಅಂತ ಒಂದು ವರದಿ ಮಾಡಿದ್ರು. ಅದರಲ್ಲಿ 2000ದಲ್ಲಿ 12 ಸೆಕೆಂಡ್, 2013ರಲ್ಲಿ 8 ಸೆಕೆಂಡ್ ಅಂತ ಇತ್ತು. ಆ ಅಂಕಿ ಅವರು ಅಳೆದಿದ್ದಲ್ಲ, ಸ್ಟ್ಯಾಟಿಸ್ಟಿಕ್ ಬ್ರೇನ್ ಅನ್ನೋ ವೆಬ್‌ಸೈಟಿಂದ ತಗೊಂಡಿದ್ದು. 2017ರಲ್ಲಿ ಬಿಬಿಸಿಯವರು ಬೆನ್ನು ಹತ್ತಿ ಹೋದ್ರೆ ಮೂಲವೇ ಸಿಗಲಿಲ್ಲ. ಮೀನಿಂದಂತೂ ಸುಳ್ಳೇ. ಗೋಲ್ಡ್ ಫಿಶ್‌ಗೆ ಕಲಿಸಿದ್ದು ತಿಂಗಳುಗಟ್ಟಲೆ ನೆನಪಿರುತ್ತೆ."

ಇದು ಸರಿಯಾದ ಮಾತು. ನಾನೂ ಹುಡುಕಿ ಓದಿದೆ. ಗಮನ ಅನ್ನುವುದು ಮಾಡುವ ಕೆಲಸದ ಮೇಲೆ ನಿಂತಿದೆ, ಎಲ್ಲದಕ್ಕೂ ಒಂದೇ ಅಳತೆ ಇಲ್ಲ ಅಂತ ಅದನ್ನು ಓದಿಕೊಂಡವರೇ ಬಿಬಿಸಿಗೆ ಹೇಳಿದ್ದಾರೆ. ಆದರೆ ಭಾವ ಉತ್ತರ ಕೊಟ್ಟದ್ದು ಅದಕ್ಕಲ್ಲ. "ಎಲ್ಲದಕ್ಕೂ ಮೂಲ ಹುಡುಕೋಕೆ ಟೈಮ್ ಇದೆ. ಅಮ್ಮನಿಗೆ ಒಂದು ಫೋನ್ ಮಾಡೋಕೆ ಇಲ್ಲ ಅಲ್ವಾ?" ಅಂದರು. ಹುಡುಗ ಸುಮ್ಮನಾದ. ಮೀನೂ ಅಲ್ಲಿಗೇ ಬಿಟ್ಟುಹೋಯಿತು.

ಆಮೇಲೆ ಶಿವಮೊಗ್ಗದ ಅಣ್ಣ ಬಂದ. ನಮ್ಮ ದೊಡ್ಡಪ್ಪನ ಮಗ. ಹಾಡಿನ ವಿಡಿಯೋ ಅಂದ ಕೂಡಲೇ ಅವನಿಗೆ ದೂರದರ್ಶನದ ಚಿತ್ರಮಂಜರಿ ನೆನಪಾಯಿತು. ಇಡೀ ಬೀದಿಗೆ ಒಂದೇ ಟಿವಿ, ಮಾಡಿನ ಮೇಲೆ ಆಂಟೆನಾ ತಿರುಗಿಸುತ್ತಾ "ಬಂತಾ? ಬಂತಾ?" ಅಂತ ಕೂಗುತ್ತಿದ್ದುದು, ಕೆಳಗಿನಿಂದ ಅಮ್ಮ "ಬಂತು, ಹೋಯ್ತು" ಅನ್ನುತ್ತಿದ್ದುದು. ನನಗೂ ಕಣ್ಣಿಗೆ ಕಟ್ಟಿತು. ಅವನು ಅಲ್ಲಿಗೇ ನಿಲ್ಲಿಸಬೇಕಿತ್ತು. "ಆಮೇಲೆ ದೊಡ್ಡಣ್ಣನ ಮನೇಲಿ ವಿಸಿಆರ್ ಬಂತಲ್ಲ! 96ರ ವರ್ಲ್ಡ್ ಕಪ್, ಚಿನ್ನಸ್ವಾಮಿಯ ಪಾಕಿಸ್ತಾನ ಮ್ಯಾಚ್. ವೆಂಕಟೇಶ್ ಪ್ರಸಾದ್ ಸೊಹೈಲ್‌ನ ಸ್ಟಂಪ್ ಎಗರಿಸಿದ್ದನ್ನ ಆ ಕ್ಯಾಸೆಟಲ್ಲಿ ಹತ್ತು ಸಲ ನೋಡಿದ್ದೀನಿ" ಅಂತ ಬರೆದ.

ಆ ಕ್ಯಾಸೆಟ್ ಅಕ್ಕನ ಮದುವೆಯದು.

ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. 1994ರಲ್ಲಿ ಅಕ್ಕನ ಮದುವೆಯಾಯಿತು. ಇದ್ದದ್ದು ಒಂದೇ ವಿಎಚ್ಎಸ್ ಕ್ಯಾಸೆಟ್. ನೋಡಿ ಕೊಡುತ್ತೇವೆ ಅಂತ ದೊಡ್ಡಣ್ಣನ ಮನೆಯವರು ತೆಗೆದುಕೊಂಡು ಹೋಗಿದ್ದರು. ಮ್ಯಾಚ್ ದಿನ ಖಾಲಿ ಕ್ಯಾಸೆಟ್ ಸಿಗಲಿಲ್ಲ, ಯಾರೋ ಅದನ್ನೇ ಹಾಕಿ ರೆಕಾರ್ಡ್ ಒತ್ತಿದರು. ಅಕ್ಕ ಆಗಲೂ ಏನೂ ಅನ್ನಲಿಲ್ಲ, ಈಗಲೂ ಏನೂ ಬರೆಯಲಿಲ್ಲ. ಭಾವ ಬರೆದರು: "ವಿಡಿಯೋ ಬೆಲೆ ಏನು ಅಂತ ಮೇಷ್ಟ್ರಿಗೆ ಆವತ್ತೇ ಗೊತ್ತಿರಬೇಕಿತ್ತು." ದೊಡ್ಡಣ್ಣ: "ಮಕ್ಕಳ ಮುಂದೆ ಹಳೇದು ಕೆದಕೋದು ದೊಡ್ಡತನ ಅಲ್ಲ ಭಾವ." ಭಾವ: "ದೊಡ್ಡತನ ಕಲಿಸೋಕೆ ಬರಬೇಡಿ." ಅತ್ತಿಗೆ: "ರೆಕಾರ್ಡ್ ಒತ್ತಿದ್ದು ನಮ್ಮವರಲ್ಲ, ಇಷ್ಟು ವರ್ಷ ಯಾರೂ ಕೇಳಲೇ ಇಲ್ಲ." ಹೀಗೇ ಹನ್ನೊಂದರವರೆಗೂ ನಡೆಯಿತು. ನಡುವೆ ಯಾರೋ ಗೊತ್ತಿಲ್ಲದೆ ಶುಭರಾತ್ರಿಯ ಗುಲಾಬಿ ಕಳಿಸಿದರು.

ಇಷ್ಟರಲ್ಲಿ ಒಂದೇ ಒಂದು ಕೆಲಸದ ಮಾತು ಬಂತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. "ಒಂದೇ ಸಾಲು ಎರಡೆರಡು ಸಲ ಬರುತ್ತೆ, ಕಟ್ ಮಾಡು" ಅಂತ ಭಾವ ಹೇಳಿದ್ದಕ್ಕೆ ದೊಡ್ಡಣ್ಣ ಹೇಳಿದ: "ಅದು ತ್ರಿಪದಿ. ಬರೆದರೆ ಮೂರು ಸಾಲು. ಹಾಡುವಾಗ ಎರಡನೇ ಸಾಲು ತಿರುಗಿ ಬರಬೇಕು. ಕಲ್ಲೂ ತಿರುಗುತ್ತೆ, ಸಾಲೂ ತಿರುಗುತ್ತೆ. ಅದನ್ನ ಕತ್ತರಿಸಿದರೆ ಹಾಡೇ ಇಲ್ಲ." ಅಣ್ಣ ಎಷ್ಟು ಚೆನ್ನಾಗಿ ಪಾಠ ಮಾಡುತ್ತಿದ್ದಿರಬಹುದು ಅಂತ ನನಗೆ ಆಗ ಅನ್ನಿಸಿತು. ಆದರೆ ಕ್ಯಾಸೆಟ್ ಗಲಾಟೆಯಲ್ಲಿ ಆ ಮಾತು ಯಾರಿಗೂ ಕಾಣಲಿಲ್ಲ.

ಬೆಳಿಗ್ಗೆ ಪುಟ್ಟಿ ಫೋನ್ ಮಾಡಿದಳು. "ಅತ್ತೆ, 94 ಮೆಸೇಜ್ ಬಂದಿದೆ. ವಿಡಿಯೋ ನೋಡಿರೋದು ಆರು ಸಲ, ಅದರಲ್ಲಿ ಎರಡು ನಂದೇ." ದನಿ ಚಿಕ್ಕದಾಗಿತ್ತು. ರಾತ್ರಿಯೆಲ್ಲ ಕೂತು ಎರಡನೇ ಕಟ್ ಮಾಡಿದ್ದಳು. ಮೊದಲ 40 ಸೆಕೆಂಡ್ ಈಗ 7 ಸೆಕೆಂಡ್ ಆಗಿತ್ತು. ಒಂದೊಂದು ಶಾಟ್ ಒಂದೂವರೆ ಸೆಕೆಂಡ್. ಕೈ, ಕಲ್ಲು, ಕಣ್ಣು, ಹಿಟ್ಟು, ಕೈ, ಕಲ್ಲು. ನೋಡಿ ನನಗೆ ತಲೆ ಸುತ್ತಿತು. ಪೂರ್ತಿ ನೋಡದೇ ಹೇಳಿದ ಒಂದು ಮಾತಿಗೆ ಮಗು ಎರಡು ಭಾನುವಾರದ ಕೆಲಸವನ್ನು ಕತ್ತರಿಸಿ ಹಾಕಿದ್ದಳು. ನನಗೆ ಹೊಟ್ಟೆ ಉರಿದದ್ದು ಇದಕ್ಕೇ. ದೊಡ್ಡವರು ಗ್ರೂಪಿನಲ್ಲಿ ಸುಮ್ನೆ ಒಂದು ಮಾತು ಎಸೆದು ಊಟಕ್ಕೆ ಹೋಗುತ್ತೇವೆ. ಕೇಳಿದವರು ಅದನ್ನು ನಂಬಿಕೊಂಡು ನಿದ್ದೆಗೆಡುತ್ತಾರೆ.

ಎರಡೂ ಕಟ್ ಅನ್ನು ಟಿವಿಗೆ ಹಾಕಿ ಅಮ್ಮನಿಗೆ ತೋರಿಸಿದೆ. ಅಮ್ಮನಿಗೆ ಸೆಕೆಂಡಿನ ಲೆಕ್ಕ ಗೊತ್ತಿಲ್ಲ. ಎರಡನೇದನ್ನು ನೋಡುತ್ತಾ, "ಒಂದು ಸುತ್ತು ಬರೋಕ್ ಮುಂಚೇನೇ ಎಳ್ಕೊಂಡ್ ಹೋಗ್ತಾವಳಲ್ಲ, ಕಲ್ಲು ಒಂದು ಸುತ್ತು ಬರಲಿ ಬಿಡು" ಅಂದಳು. ನಾನು ಗಡಿಯಾರ ಹಿಡಿದು ನೋಡಿದೆ. ಅಮ್ಮನ ಕೈಯಲ್ಲಿ ಕಲ್ಲು ಒಂದು ಸುತ್ತು ಬರಲು ಎರಡು ಸೆಕೆಂಡ್ ಬೇಕು. ಒಂದೂವರೆಗೆ ಕತ್ತರಿಸಿದರೆ ಯಾವ ಸುತ್ತೂ ಮುಗಿಯುವುದಿಲ್ಲ. ತಲೆ ಸುತ್ತಿದ್ದು ಅದಕ್ಕೇ.

ಆಮೇಲೆ ಇನ್ನೊಂದು ಹೇಳಿದಳು. "ಇದ್ಯಾರು ಎಡಗೈಯಲ್ಲಿ ಬೀಸ್ತಿರೋದು? ನನ್ನ ಮೂಗುಬೊಟ್ಟು ಈ ಕಡೆ ಯಾವಾಗ ಬಂತು?" ಪುಟ್ಟಿಯನ್ನು ಕೇಳಿದರೆ, ಹೌದಂತೆ. ಒಂದು ಸಲ ಕ್ಯಾಮೆರಾವನ್ನು ಅಮ್ಮನ ಆಚೆ ಬದಿಗೆ ಇಟ್ಟು ತೆಗೆದಿದ್ದಳು. ಜೋಡಿಸುವಾಗ ಅಮ್ಮ ಇದ್ದಕ್ಕಿದ್ದಂತೆ ಉಲ್ಟಾ ತಿರುಗಿ ಕೂತ ಹಾಗೆ ಕಂಡಿತು. ಅದಕ್ಕೆ ಆ ಶಾಟನ್ನು ಕನ್ನಡಿಯ ಹಾಗೆ ತಿರುಗಿಸಿಬಿಟ್ಟಿದ್ದಳು. ನಾವು ಯಾರೂ ಗಮನಿಸಿರಲಿಲ್ಲ.

ಸಂಜೆ ನಮ್ಮ ಬೀದಿಯಲ್ಲಿ ಮದುವೆ ವಿಡಿಯೋ ಮಾಡುವವರನ್ನು ಕರೆದು ತೋರಿಸಿದೆ. ಟೀ ಆರಿ ಹೋಗುವವರೆಗೂ ನೋಡಿದರು, ಎರಡು ಸಲ. ಅಡುಗೆಮನೆ ಶಾಟಿನಲ್ಲಿ ಗೋಡೆ ಮೇಲೆ ಪಟ್ಟಿ ಪಟ್ಟಿ ಓಡುತ್ತಿದ್ದುದನ್ನು ತೋರಿಸಿದರು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಕ್ಯಾಮೆರಾದ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಬರುವುದಿಲ್ಲ ಅಂದರು. ಮೂರನೇ ನಿಮಿಷದ ಹೊತ್ತಿಗೆ ಹಾಡು ತುಟಿಗಿಂತ ಮುಂದೆ ಹೋಗುತ್ತಿತ್ತು. ಪುಟ್ಟಿ ಧ್ವನಿಯನ್ನು ಬೇರೆ ಫೋನಿನಲ್ಲಿ ತೆಗೆದಿದ್ದಳು. ಮೊಬೈಲ್ ವಿಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು ಎಷ್ಟೋ ಸಲ ಒಂದೇ ಸಮ ಇರುವುದಿಲ್ಲ, ಮೊದಲು ಅದನ್ನು ಸಮ ಮಾಡಿಕೊಂಡು ಆಮೇಲೆ ಧ್ವನಿ ಕೂರಿಸಬೇಕು ಅಂತ ಬರೆದುಕೊಟ್ಟರು.

ಮೊದಲ 40 ಸೆಕೆಂಡಿನ ಬಗ್ಗೆಯೂ ಕೇಳಿದೆ. "ಉದ್ದ ಇದೆ. ಆದ್ರೆ ಕಲ್ಲು ತಿರುಗೋದು ಉದ್ದ ಅಲ್ಲ. ತಿರುಗೋಕೆ ಮುಂಚೆ ಹನ್ನೆರಡು ಸೆಕೆಂಡ್ ಏನೂ ಆಗಲ್ಲ, ಫೋಕಸ್ ಕೂಡ ಇಲ್ಲ" ಅಂದರು. ಅಂದರೆ ಭಾವನಿಗೆ ಬೇಸರ ಬಂದದ್ದು ನಿಜ. ಬೇಸರ ಬಂತು ಅಂತಷ್ಟೇ ಹೇಳಿದ್ದರೆ ಪುಟ್ಟಿಗೆ ಎಷ್ಟೋ ಉಪಯೋಗವಾಗುತ್ತಿತ್ತು. ಅವರು ತಮ್ಮ ಬೇಸರ ಬಿಟ್ಟು ಮೀನಿನ ಲೆಕ್ಕ ಕೊಟ್ಟರು.

ಮೂರನೇ ಕಟ್ ಬುಧವಾರ ಬಂತು. ಶುರುವಿನಲ್ಲಿ 26 ಸೆಕೆಂಡ್ ಕಲ್ಲು. ಪ್ರತಿ ಶಾಟೂ ಸುತ್ತು ಮುಗಿದ ಮೇಲೇ ಬದಲಾಗುತ್ತದೆ, ಕೆಲವು ಕಡೆ ಮೂರು ಸುತ್ತು, ಕೆಲವು ಕಡೆ ಐದು. ಮೂಗುಬೊಟ್ಟು ಬಲಕ್ಕೆ ಬಂದಿತ್ತು. ಎರಡನೇ ಸಾಲು ತಿರುಗಿ ಬರುವಲ್ಲೆಲ್ಲ ಅಮ್ಮನ ಮುಖ ಬಿಟ್ಟು ಹಿಟ್ಟು ಉದುರುವುದನ್ನು ತೋರಿಸಿದ್ದಳು. ದೊಡ್ಡಣ್ಣನ ಮಾತು ಓದಿ ಹೊಳೆದದ್ದು ಅಂತ ತನ್ನ ವರದಿಯಲ್ಲಿ ಬರೆದಿದ್ದಾಳೆ. ಈ ಸಲ ಗ್ರೂಪಿಗೆ ಹಾಕುವಾಗ ಪ್ರಶ್ನೆ ಕೇಳಲಿಲ್ಲ. "ನೋಡಿದವರು ಯಾವ ನಿಮಿಷ ಯಾವ ಸೆಕೆಂಡ್ ಅಂತ ಹಾಕಿ ಒಂದು ಮಾತು ಹೇಳಿ" ಅಂತಷ್ಟೇ ಬರೆದಳು.

ಒಂದು ಗಂಟೆ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅಕ್ಕ ಬರೆದಳು. ಹಬ್ಬಕ್ಕೆ ಶುಭಾಶಯ ಬಿಟ್ಟರೆ ಅಕ್ಕ ಗ್ರೂಪಿನಲ್ಲಿ ಬರೆದವಳೇ ಅಲ್ಲ.

"1:52ರಲ್ಲಿ ಅಮ್ಮ ಉಸಿರು ತಗೊಳ್ತಾಳಲ್ಲ, ಆಮೇಲೆ ಸ್ವಲ್ಪ ಕೆಮ್ಮು. ಅದನ್ನ ತೆಗೀಬೇಡ ಪುಟ್ಟಿ. ನನ್ನ ಧಾರೆ ಆದ ಮೇಲೆ ಸೋಬಾನೆ ಹೇಳುವಾಗಲೂ ಹಾಗೇ ಕೆಮ್ಮಿದ್ದಳು. ಆ ಕ್ಯಾಸೆಟ್‌ನಲ್ಲಿ ನಾನು ನೋಡ್ತಿದ್ದದ್ದು ಅದೊಂದನ್ನೇ."

ದೊಡ್ಡಣ್ಣ ಟೈಪ್ ಮಾಡುತ್ತಿದ್ದಾನೆ ಅಂತ ಮೂರು ಸಲ ತೋರಿಸಿತು, ಏನೂ ಬರಲಿಲ್ಲ. ಆಮೇಲೆ ಗೊತ್ತಾಯಿತು, ಅಕ್ಕನಿಗೆ ಫೋನ್ ಮಾಡಿದನಂತೆ. ಏನು ಮಾತಾಡಿದರು ಅಂತ ನಾನು ಕೇಳಿಲ್ಲ.

ಸೋಮವಾರ ಪುಟ್ಟಿ ಒಪ್ಪಿಸಬೇಕು. ಕೆಳಗೆ ಹಾಡಿನ ಸಾಲುಗಳು ಬರಬೇಕಂತೆ. ಅಕ್ಕ ಕೇಳಿ ಕೇಳಿ ಬರೆಯುತ್ತಿದ್ದಾಳೆ, ದೊಡ್ಡಣ್ಣ ಕಾಗುಣಿತ ನೋಡುತ್ತಿದ್ದಾನೆ. ಮೂರನೇ ನುಡಿಯ ಒಂದು ಪದ ಇಬ್ಬರಿಗೂ ಬೇರೆ ಬೇರೆ ಕೇಳಿಸುತ್ತಿದೆ. ಅಮ್ಮನನ್ನು ಕೇಳಿದರೆ ಬಾಯಿ ಮಾತಲ್ಲಿ ಹೇಳಲು ಬರುವುದಿಲ್ಲವಂತೆ. ಕಲ್ಲು ತಿರುಗಿದರೆ ಮಾತ್ರ ಬರುತ್ತದಂತೆ. ನಾಳೆ ಬೆಳಿಗ್ಗೆ ಮತ್ತೆ ಎರಡು ಹಿಡಿ ರಾಗಿ ಹಾಕಬೇಕು.