ದೋಣಿಯ ಟ್ರೇಲರ್ ನೆಲಕ್ಕೆ ಸಮಾನಾಂತರವಾಗಿ ಸಾಗಲು ಹಿಚ್ ಬಾಲ್ ಎಷ್ಟು ಎತ್ತರದಲ್ಲಿರಬೇಕು?

ದೋಣಿಗಾರ (ಪ್ರಶ್ನೆ):

ಲ್ಯಾಡರ್ ಫ್ರೇಮ್ ಇರುವ ಎಸ್‌ಯುವಿಯೊಂದರ ಹಿಂದೆ ಎರಡು ಅಚ್ಚುಗಳ ಟ್ರೇಲರ್ ಕಟ್ಟಿ ಫೈಬರ್ ದೋಣಿಯನ್ನು ಸಾಗಿಸಬೇಕಾಗಿದೆ. ದೋಣಿ, ಔಟ್‌ಬೋರ್ಡ್ ಎಂಜಿನ್, ಇಂಧನ, ಟ್ರೇಲರ್ ಎಲ್ಲವೂ ಸೇರಿ ತೂಕ ಸುಮಾರು 1,800 ಕಿಲೋ ಇದ್ದು, ವಾಹನದ ಎಳೆಯುವ ಸಾಮರ್ಥ್ಯದೊಳಗೇ ಇದೆ. ಟ್ರೇಲರಿನ ಎರಡೂ ಅಚ್ಚುಗಳು ರಬ್ಬರ್ ಟಾರ್ಶನ್ ಬಗೆಯವು, ಅಂದರೆ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ರಬ್ಬರ್ ಭಾರ ಹೊರುವಂಥವು. ತಲಾ 900 ಕಿಲೋ ಹೊರುತ್ತವೆಂದು ಅವುಗಳ ಫಲಕದ ಮೇಲಿದೆ. ಖಾಲಿ ವಾಹನದಲ್ಲಿ ಹಿಚ್ ಬಾಲಿನ (ಟ್ರೇಲರ್ ಕೂರುವ ಉಕ್ಕಿನ ಗುಂಡಿನ) ನೆತ್ತಿ ನೆಲದಿಂದ 560 ಮಿ.ಮೀ. ಎತ್ತರದಲ್ಲಿದೆ. ಟ್ರೇಲರನ್ನು ಮಟ್ಟವಾಗಿ ನಿಲ್ಲಿಸಿದಾಗ ಕಪ್ಲರಿನ (ಬಾಲನ್ನು ಹಿಡಿಯುವ ಟ್ರೇಲರಿನ ಮುಂತುದಿಯ) ಒಳಗುಳಿಯ ನೆತ್ತಿ 470 ಮಿ.ಮೀ. ಎತ್ತರಕ್ಕೆ ಬರುತ್ತದೆ. ಹೀಗಾಗಿ ಈಗ ಜೋಡಿಸಿದರೆ ಟ್ರೇಲರಿನ ಮೂತಿ ಮೇಲೆದ್ದು, ಎಂಜಿನ್ನಿನ ಕೆಳತುದಿ ನೆಲಕ್ಕೆ ಹತ್ತಿರವಾಗುತ್ತದೆ.

90 ಮಿ.ಮೀ. ಇಳಿಕೆಯುಳ್ಳ ಬಾಲ್ ಮೌಂಟ್ (ಬಾಲನ್ನು ಹೊತ್ತ ಕೆಳಬಾಗಿದ ತೋಳು) ತಂದರೆ ಸಾಕೇ? ಭಾರಕ್ಕೆ ವಾಹನದ ಹಿಂಭಾಗ ಕುಸಿಯದಂತೆ ಏರ್ ಬ್ಯಾಗ್ (ಹಿಂದಿನ ಸ್ಪ್ರಿಂಗುಗಳಿಗೆ ನೆರವಾಗುವ ಗಾಳಿಚೀಲ) ಕೂಡ ಹಾಕಿಸಬೇಕೇ? ಪೂರ್ತಿ ಮಟ್ಟ ಸಾಧ್ಯವಾಗದಿದ್ದಲ್ಲಿ ಮೂತಿ ತುಸು ಮೇಲಿರುವುದು ಒಳ್ಳೆಯದೋ, ತುಸು ಕೆಳಗಿರುವುದೋ?

ರಸಮಟ್ಟ:

ಕೊಳ್ಳುವ ಮುನ್ನ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಎರಡು ಅಳತೆಗಳಲ್ಲಿ ಒಂದು ಖಾಲಿ ವಾಹನದ್ದು. ಟ್ರೇಲರ್ ಸಾಗುವುದು ತುಂಬಿದ ವಾಹನದ ಹಿಂದೆ. ಜನ ಕುಳಿತು, ಸಾಮಾನು ತುಂಬಿ, ಬಾಲಿನ ಮೇಲೆ ಟ್ರೇಲರಿನ ಭಾರವೂ ಬಿದ್ದಾಗ ಹಿಂಭಾಗ ಎಷ್ಟು ತಗ್ಗುತ್ತದೆಯೋ ಅಷ್ಟನ್ನು 90ರಿಂದ ಕಳೆಯಬೇಕು. ಬಾಲ್ 560ರಿಂದ 525ಕ್ಕೆ ಇಳಿಯುವುದಾದರೆ ನಿಮಗೆ ಬೇಕಾದ ಇಳಿಕೆ 55 ಮಿ.ಮೀ. ಮಾತ್ರ, 90ರದ್ದನ್ನು ತಂದರೆ ಮೂತಿ 35 ಮಿ.ಮೀ. ಕೆಳಗಾಗುತ್ತದೆ.

ಅಳೆಯುವ ಜಾಗ ಗಟ್ಟಿಯಾಗಿ ಸಮತಟ್ಟಾಗಿರಲಿ. ವಾಹನ ಮತ್ತು ಟ್ರೇಲರ್ ಎರಡರ ಟೈರುಗಳಲ್ಲೂ ಭಾರ ಹೊತ್ತು ಸಾಗುವಾಗ ಇರಬೇಕಾದಷ್ಟೇ ಗಾಳಿ ಇರಲಿ. ದೋಣಿಯಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಲಂಗರು, ಬ್ಯಾಟರಿ, ಇಂಧನ ಎಲ್ಲವೂ ಅವುಗಳ ಜಾಗದಲ್ಲೇ ಇರಲಿ. ರಸಮಟ್ಟವನ್ನು ದೋಣಿಯ ಅಂಚಿನ ಮೇಲಾಗಲಿ ಮೂಕಿಯ (ಕಪ್ಲರಿನವರೆಗೆ ಚಾಚುವ ಮುಂದಿನ ತೊಲೆಯ) ಮೇಲಾಗಲಿ ಇಡಬೇಡಿ. ದೋಣಿ ಟ್ರೇಲರುಗಳಲ್ಲಿ ಮೂಕಿ ಅನೇಕ ವೇಳೆ ಮುಖ್ಯ ಚೌಕಟ್ಟಿಗಿಂತ ಬೇರೆ ಕೋನದಲ್ಲಿರುತ್ತದೆ, ದೋಣಿಯ ಅಂಚಂತೂ ನೇರವಾಗಿರುವುದೇ ಇಲ್ಲ. ಅಚ್ಚುಗಳನ್ನು ಹೊತ್ತಿರುವ ಉದ್ದತೊಲೆಯೇ ನಿಮ್ಮ ಆಧಾರ. ಅದು ಗಾಲಿಗಳ ಹಿಂದೆಯೂ ಮುಂದೆಯೂ ನೆಲದಿಂದ ಒಂದೇ ಎತ್ತರದಲ್ಲಿದ್ದರೆ ಟ್ರೇಲರ್ ಮಟ್ಟವಾಗಿದೆ. ಆ ಸ್ಥಿತಿಯಲ್ಲಿ ಕಪ್ಲರಿನ ಎತ್ತರವನ್ನು ಇನ್ನೊಮ್ಮೆ ಅಳೆದುಕೊಂಡು, ಈಗಿರುವ ಬಾಲಿಗೇ ಟ್ರೇಲರನ್ನು ಜೋಡಿಸಿ, ಜನರನ್ನು ವಾಹನದಲ್ಲಿ ಕೂರಿಸಿ, ರಿಸೀವರ್ (ಬಾಲ್ ಮೌಂಟ್ ಸೇರುವ, ವಾಹನದ ಹಿಂದಿನ ಕೊಳವೆ) ಎಷ್ಟು ತಗ್ಗಿತೆಂದು ನೋಡಿ. ಬಾಲ್ ಕಪ್ಲರಿನೊಳಗೆ ಮರೆಯಾಗುವುದರಿಂದ ರಿಸೀವರಿನ ಅಂಚನ್ನು ಜೋಡಿಸುವ ಮೊದಲು ಮತ್ತು ಅನಂತರ ಅಳೆಯುವುದೇ ಸುಲಭ. ವಾಹನಕ್ಕೆ ತಾನಾಗಿಯೇ ಎತ್ತರ ಸರಿಪಡಿಸಿಕೊಳ್ಳುವ ಸಸ್ಪೆನ್ಶನ್ ಇದ್ದರೆ ಅದರ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಅಳೆಯಬೇಕು.

ಬಾಲ್ ಮೌಂಟುಗಳು ನಿಗದಿತ ಅಳತೆಗಳಲ್ಲಿ ಸಿಗುವುದರಿಂದ ಕೂದಲೆಳೆಯಷ್ಟು ನಿಖರವಾಗಿ ಹೊಂದುವುದು ಅಪರೂಪ. ಕಪ್ಲರಿನ ಬಳಿ 25 ಮಿ.ಮೀ. ಒಳಗಿನ ವ್ಯತ್ಯಾಸವನ್ನು ಒಪ್ಪಿಕೊಳ್ಳಬಹುದು. ಹಾಗೆ ಉಳಿಯುವ ವ್ಯತ್ಯಾಸ ಮೂತಿ ಕೆಳಗಾಗುವ ಕಡೆಗೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. 50 ಮಿ.ಮೀ. ಬಾಲೂ 2 ಇಂಚಿನ ಬಾಲೂ ನೋಟಕ್ಕೆ ಒಂದೇ, ಆದರೆ ಎರಡನೆಯದು 50.8 ಮಿ.ಮೀ. ಇರುತ್ತದೆ. ಕಪ್ಲರಿನ ಮೇಲೆ ಒತ್ತಿರುವ ಅಳತೆಯನ್ನು ಓದದೆ ಬಾಲ್ ಕೊಳ್ಳಬೇಡಿ.

ಅಚ್ಚುಗಾಲಿ:

ಅಳೆಯುವ ಕ್ರಮವನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಿಮ್ಮದು ಎರಡು ಟಾರ್ಶನ್ ಅಚ್ಚುಗಳ ಟ್ರೇಲರ್ ಆಗಿರುವುದರಿಂದ ಮಟ್ಟದ ಪ್ರಶ್ನೆ ಇತರರಿಗಿಂತ ನಿಮಗೆ ಹೆಚ್ಚು ಮುಖ್ಯ. ಅದೇಕೆಂದು ವಿವರಿಸುತ್ತೇನೆ.

ಒಂದೇ ಅಚ್ಚಿನ ಟ್ರೇಲರಿನಲ್ಲಿ ಮೂತಿ ಸ್ವಲ್ಪ ಮೇಲೆ ಕೆಳಗಾದರೂ ಭಾರದ ಹಂಚಿಕೆ ಹೆಚ್ಚು ಕದಲುವುದಿಲ್ಲ. 1,800 ಕಿಲೋದ ಗುರುತ್ವಕೇಂದ್ರ ಅಚ್ಚಿಗಿಂತ 60 ಸೆಂ.ಮೀ. ಮೇಲಿದೆ, ಅಚ್ಚಿನಿಂದ ಬಾಲ್ 5.5 ಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಮೂತಿ 55 ಮಿ.ಮೀ. ಮೇಲೆದ್ದರೆ ಗುರುತ್ವಕೇಂದ್ರ ಹಿಂದಕ್ಕೆ ಸರಿಯುವುದು ಬರೀ 6 ಮಿ.ಮೀ.; ಬಾಲಿನ ಮೇಲಿನ ಭಾರ ಕಡಿಮೆಯಾಗುವುದು ಸುಮಾರು 2 ಕಿಲೋ. ಲೀಫ್ ಸ್ಪ್ರಿಂಗಿನ ಜೋಡಿ ಅಚ್ಚುಗಳ ನಡುವೆ ಈಕ್ವಲೈಸರ್ ಇದ್ದಲ್ಲಿ ಅದು ತೂಗಿಕೊಂಡು ಎರಡೂ ಅಚ್ಚುಗಳಿಗೆ ಭಾರವನ್ನು ಹೆಚ್ಚುಕಡಿಮೆ ಸಮವಾಗಿ ಹಂಚುತ್ತದೆ.

ಟಾರ್ಶನ್ ಅಚ್ಚುಗಳ ನಡುವೆ ಅಂಥ ಕೊಂಡಿಯಿಲ್ಲ. ಪ್ರತಿಯೊಂದು ಅಚ್ಚೂ ತನ್ನ ರಬ್ಬರ್ ಎಷ್ಟು ತಿರುಚಿಕೊಂಡಿದೆಯೋ ಅಷ್ಟು ಭಾರವನ್ನು ಹೊರುತ್ತದೆ. ಎರಡು ಅಚ್ಚುಗಳ ನಡುವೆ 85 ಸೆಂ.ಮೀ. ಅಂತರವಿದ್ದರೆ, ಮೂತಿ 55 ಮಿ.ಮೀ. ಮೇಲೆದ್ದಾಗ ಹಿಂದಿನ ಅಚ್ಚಿನ ಬಳಿ ಚೌಕಟ್ಟು ಮುಂದಿನದಕ್ಕಿಂತ 8.5 ಮಿ.ಮೀ. ತಗ್ಗಿರುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಬಾಲ್ ಮೇಲಿನ 150 ಕಿಲೋ ಕಳೆದರೆ ಉಳಿಯುವ 1,650 ಕಿಲೋದಲ್ಲಿ ತಲಾ 825 ಹೊತ್ತು ಅಚ್ಚುಗಳು 50 ಮಿ.ಮೀ. ಕುಗ್ಗುತ್ತವೆಂದು ಅಂದಾಜಿಸಿದರೆ, ಪ್ರತಿ ಮಿಲಿಮೀಟರಿಗೆ 16.5 ಕಿಲೋ ಆಯಿತು. ಆಗ ಮುಂದಿನ ಅಚ್ಚಿನ ಪಾಲು 755ಕ್ಕೆ ಇಳಿದು ಹಿಂದಿನದು 895ಕ್ಕೆ ಏರುತ್ತದೆ. ನಿಮ್ಮ ಅಚ್ಚಿನ ಮಿತಿ 900. ಹೀಗೆ ಒಂದೇ ಜೊತೆ ಟೈರುಗಳ ಮೇಲೆ ಹೆಚ್ಚು ಭಾರ ಬಿದ್ದರೆ ಅವು ಬಿಸಿಯಾಗುತ್ತವೆ, ಬೇಗ ಸವೆಯುತ್ತವೆ, ದೂರದ ಪಯಣದಲ್ಲಿ ಸಿಡಿಯಲೂಬಹುದು. ರಬ್ಬರಿನ ಗಡಸುತನ ಅಚ್ಚಿನಿಂದ ಅಚ್ಚಿಗೆ ಬೇರೆಯಾಗುವುದರಿಂದ ಅಂಕಿ ಬದಲಾದೀತು. ಭಾರ ಸರಿಯುವ ದಿಕ್ಕು ಬದಲಾಗದು.

ಈ ಕಾರಣಕ್ಕೇ ಮೂತಿ ಕೆಳಗಿರಲಿ ಎಂಬ ಸಲಹೆಯನ್ನು ನಿಮ್ಮ ಟ್ರೇಲರಿಗೆ ನಾನು ಹಾಗೆಯೇ ಒಪ್ಪಲಾರೆ. ಮೂತಿ ಕೆಳಗಾದರೆ ಇದೇ ಲೆಕ್ಕ ತಿರುಗುಮುರುಗಾಗಿ ಮುಂದಿನ ಅಚ್ಚಿನ ಮೇಲೆ ಬೀಳುತ್ತದೆ. ಅಷ್ಟೇ ಅಲ್ಲ, ಮುಂದಿನ ಅಚ್ಚು ಹೆಚ್ಚು ಹೊತ್ತಷ್ಟೂ ಬಾಲಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಮೇಲಿನ ಅಳತೆಗಳಲ್ಲಿ 55 ಮಿ.ಮೀ.ಗೆ ಸುಮಾರು 11 ಕಿಲೋ. ಹಾಗಾಗಿ ಜೋಡಿ ಟಾರ್ಶನ್ ಅಚ್ಚಿದ್ದಲ್ಲಿ ಮೂಕಿಯ ಭಾರವನ್ನು (ಬಾಲಿನ ಮೇಲೆ ಬೀಳುವ ಭಾರವನ್ನು) ತೂಗುವಾಗ ಕಪ್ಲರ್ ಸಾಗುವ ಎತ್ತರದಲ್ಲೇ ಇರಬೇಕು. ಅಂಗಳದಲ್ಲಿ ಜಾಕಿನ ಮೇಲೆ ಹೇಗೋ ನಿಲ್ಲಿಸಿ ತೂಗಿದ ಅಂಕಿಯನ್ನು ನಂಬಬಾರದು.

ನೀರಂಚು:

ಏರ್ ಬ್ಯಾಗಿನ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲ. ನನ್ನ ಖಚಿತ ಅಭಿಪ್ರಾಯವೆಂದರೆ, ಮೊದಲು ಮೂಕಿಭಾರವನ್ನು ಸರಿಮಾಡಿಕೊಳ್ಳಬೇಕು, ಆಮೇಲೆ ಎತ್ತರವನ್ನು. ಏರ್ ಬ್ಯಾಗಿನ ಮಾತು ಏನಿದ್ದರೂ ಅದಾದ ನಂತರವೇ.

ಹಿಂಭಾಗ ಕುಸಿಯುವುದು ಒಂದು ಸೂಚನೆ. ವಾಹನದ ಎರಡು ಅಚ್ಚುಗಳ ನಡುವೆ 2.8 ಮೀಟರ್ ಅಂತರವಿದ್ದು, ಬಾಲ್ ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿದೆ ಎನ್ನಿ. 150 ಕಿಲೋ ಬಾಲಿನ ಮೇಲೆ ಬಿದ್ದರೆ ಸನ್ನೆಕೋಲಿನಂತೆ ಮುಂಗಾಲಿಗಳ ಮೇಲಿನ ಭಾರ 64 ಕಿಲೋ ಇಳಿಯುತ್ತದೆ, ಹಿಂಗಾಲಿಗಳ ಮೇಲಿನ ಭಾರ 214 ಕಿಲೋ ಏರುತ್ತದೆ. ಏರ್ ಬ್ಯಾಗ್ ಹಿಂಭಾಗವನ್ನು ಎತ್ತುತ್ತದೆಯೇ ಹೊರತು ಆ 64 ಕಿಲೋವನ್ನು ಮುಂಗಾಲಿಗಳಿಗೆ ಹಿಂತಿರುಗಿಸುವುದಿಲ್ಲ, ಅಚ್ಚಿನ ಮಿತಿಯನ್ನೂ ಹೆಚ್ಚಿಸುವುದಿಲ್ಲ. ನೋಡುವುದಕ್ಕೆ ಎಲ್ಲ ಮಟ್ಟವಾಗಿದ್ದರೂ ಸ್ಟೀರಿಂಗ್ ಹಗುರವಾಗಿಯೇ ಉಳಿಯುತ್ತದೆ. ಭಾರವನ್ನು ಮುಂದಕ್ಕೆ ಹಂಚುವ ಹಿಚ್‌ಗಳಿವೆ. ಆದರೆ ನಿಮ್ಮ ಟ್ರೇಲರಿನ ಬ್ರೇಕು ಕಪ್ಲರ್ ಒಳಜಾರಿದಾಗ ಹಿಡಿಯುವ ಬಗೆಯದಾಗಿದ್ದರೆ, ಅದರ ತಯಾರಕರು ಒಪ್ಪಿದ್ದಾರೆಯೇ ಎಂದು ತಿಳಿಯದೆ ಅಂಥ ಹಿಚ್ ಹಾಕಬಾರದು. ಅದರ ಸರಳುಗಳು ಕಪ್ಲರಿನ ಜಾರುವಿಕೆಯನ್ನೇ ಬಿಗಿಹಿಡಿಯಬಹುದು.

ಹಾಗೆಂದು ಕುಸಿತಕ್ಕೆ ಹೆದರಿ ಮೂಕಿಭಾರವನ್ನು ತೀರ ತಗ್ಗಿಸುವುದು ಇನ್ನೂ ಅಪಾಯ. ಹಿಂಭಾರವಾದ ಟ್ರೇಲರ್ ವೇಗದಲ್ಲಿ ಅತ್ತಿತ್ತ ತೂಗಾಡತೊಡಗುತ್ತದೆ, ಒಮ್ಮೆ ಶುರುವಾದರೆ ಹತೋಟಿಗೆ ತರುವುದು ಕಷ್ಟ. ಸಾಮಾನ್ಯ ಟ್ರೇಲರುಗಳಿಗೆ ಒಟ್ಟು ತೂಕದ ಶೇ. 10ರಿಂದ 15 ಎಂಬ ಲೆಕ್ಕ ಬಳಕೆಯಲ್ಲಿದೆ. ಹಿಂದೆ ಎಂಜಿನ್ ಹೊತ್ತ ದೋಣಿಗಳಿಗೆ ಅದಕ್ಕಿಂತ ಕಡಿಮೆ ಸೂಚಿಸುವುದುಂಟು. ಟ್ರೇಲರ್ ಮತ್ತು ವಾಹನದ ಕೈಪಿಡಿಗಳು ಹೇಳುವುದೇ ಅಂತಿಮ. ಎರಡರಲ್ಲಿ ಸಣ್ಣ ಮಿತಿಯನ್ನು ಪಾಲಿಸಿ.

ಭಾರ ಸರಿಹೊಂದಿಸಲು ವಿಂಚಿನ (ದೋಣಿಯನ್ನು ಟ್ರೇಲರಿಗೆ ಎಳೆದುಕೊಳ್ಳುವ ರಾಟೆಯ) ಕಂಬವನ್ನು ಸರಿಸಬಹುದು. 1,300 ಕಿಲೋದ ದೋಣಿ 5 ಸೆಂ.ಮೀ. ಮುಂದೆ ಬಂದರೆ ಮೂಕಿಯ ಮೇಲೆ ಸುಮಾರು 12 ಕಿಲೋ ಹೆಚ್ಚುತ್ತದೆ. ಆದರೆ ದೋಣಿಯ ಹಿಂಗೋಡೆ ಆಧಾರದ ಹಲಗೆಗಳ ತುದಿಯನ್ನು ದಾಟಿ ಹಿಂದಕ್ಕೆ ಚಾಚಿರಬಾರದು. ಎಂಜಿನ್ನಿನ ಭಾರವೆಲ್ಲ ಅಲ್ಲೇ ಇರುವುದರಿಂದ ದೋಣಿಯ ತಳ ಬಾಗುತ್ತದೆ. ಇಂಧನದ ಲೆಕ್ಕವನ್ನೂ ಮರೆಯಬೇಡಿ. 200 ಲೀಟರ್ ಪೆಟ್ರೋಲ್ ಸುಮಾರು 150 ಕಿಲೋ ತೂಗುತ್ತದೆ, ಅದರ ಟ್ಯಾಂಕ್ ಟ್ರೇಲರಿನ ಅಚ್ಚುಗಳ ಹಿಂದಿದ್ದರೆ ತುಂಬಿಸಿದಾಗಲೆಲ್ಲ ಮೂಕಿ ಹಗುರವಾಗುತ್ತದೆ.

ದೋಣಿಗಾರ:

ಎಲ್ಲರಿಗೂ ಕೃತಜ್ಞತೆಗಳು. ಟ್ಯಾಂಕ್ ತುಂಬಿಸಿ, ಸಾಗುವ ಎತ್ತರದಲ್ಲೇ ತೂಗಿದಾಗ ಮೂಕಿಭಾರ 148 ಕಿಲೋ ಬಂದಿತು, ಅದು ಎರಡೂ ಕೈಪಿಡಿಗಳ ಮಿತಿಯೊಳಗಿದೆ. ಜನರೂ ಸಾಮಾನೂ ಸೇರಿದಾಗ ರಿಸೀವರ್ 38 ಮಿ.ಮೀ. ತಗ್ಗಿತು. ಆದ್ದರಿಂದ 50 ಮಿ.ಮೀ. ಇಳಿಕೆಯ ಬಾಲ್ ಮೌಂಟ್ ಹಾಕಿದರೆ ವ್ಯತ್ಯಾಸ 2 ಮಿ.ಮೀ. ಮಾತ್ರ ಉಳಿಯುತ್ತದೆ. ಏರ್ ಬ್ಯಾಗ್ ಬೇಡವೆಂದು ನಿರ್ಧರಿಸಿದ್ದೇನೆ. ದೋಣಿಯನ್ನು ನೀರಿಗಿಳಿಸುವ ಇಳಿಜಾರಿನಲ್ಲಿ ಈ ತಗ್ಗಿದ ಮೌಂಟ್ ನೆಲಕ್ಕೆ ತಗಲುವುದೇ?

ರಸಮಟ್ಟ:

ಟಾರ್ಶನ್ ಅಚ್ಚುಗಳ ವಿಚಾರದಲ್ಲಿ ಅಚ್ಚುಗಾಲಿಯವರ ಮಾತೇ ಸರಿ. ನಿಮ್ಮ ಅಳತೆ ಎರಡು ಬಗೆಯ ಟ್ರೇಲರುಗಳಿಗೂ ಸರಿಯಾಗಿ ಕೂರುತ್ತದೆ.

ಗಮನಿಸಬೇಕಾದದ್ದು ಸಮತಟ್ಟು ನೆಲ ಮುಗಿದು ಇಳಿಜಾರು ಶುರುವಾಗುವ ಏಣನ್ನು. ನೀರಿನಿಂದ ಮೇಲೆ ಬಂದು ವಾಹನ ಸಮತಟ್ಟಿಗೆ ಏರಿ, ಟ್ರೇಲರ್ ಇನ್ನೂ ಇಳಿಜಾರಿನಲ್ಲೇ ಇರುವಾಗ ಆ ಏಣಿಗೂ ಮೌಂಟ್ ಮತ್ತು ಮೂಕಿಯ ತಳಕ್ಕೂ ನಡುವಿನ ಅಂತರ ಕಡಿಮೆಯಿರುತ್ತದೆ. ಮೊದಲ ಸಲ ಒಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿರಲಿ, ನೀವು ನಿಧಾನವಾಗಿ ಏರಿಸಿ. ಸುರಕ್ಷಾ ಸರಪಳಿಗಳನ್ನು ಕಪ್ಲರಿನ ಕೆಳಗೆ ಅಡ್ಡಹಾಯಿಸಿಯೇ ಕಟ್ಟಿ. ಬಾಲ್ ತಗ್ಗಿರುವುದರಿಂದ ಅವು ಈಗ ನೆಲಕ್ಕೆ ಹತ್ತಿರ ಜೋಲುತ್ತವೆ, ಆದರೆ ತಿರುವಿನಲ್ಲಿ ಎಳೆಯುವಷ್ಟು ಗಿಡ್ಡವಾಗಿಸಬಾರದು. ಮೂಕಿಯ ಜಾಕಿನ ಗಾಲಿಯನ್ನು ಪೂರ್ತಿ ಮೇಲಕ್ಕೆ ಮಡಚಿಡಿ. ಕಪ್ಲರಿನ ಚಿಲಕ ಕೂತಿದೆಯೇ ಎಂಬುದನ್ನು ಅದಕ್ಕೂ ಮೊದಲು ಅದೇ ಜಾಕಿನಿಂದ ಮೂಕಿಯನ್ನು ತುಸು ಎತ್ತಿ ಪರೀಕ್ಷಿಸಿ: ವಾಹನದ ಹಿಂಭಾಗವೂ ಜೊತೆಗೇ ಎದ್ದರೆ ಬಾಲ್ ಗುಳಿಯೊಳಗೆ ಭದ್ರವಾಗಿದೆ.